ಅಪವರ್ತನ ಕೂಡಿ, ಅಂಕಿ ಕೂಡಿ: ಎಲ್ಲಾ ಸಂಖ್ಯೆನೂ 15ಕ್ಕೆ ಬಂದು ನಿಲ್ಲೋ ಶ್ರೇಣಿ ಮಾಡೋದು ಹೇಗೆ

ಗಾಡಿ ನಂಬರ್ ಕಂಡ ತಕ್ಷಣ ಅಂಕಿ ಎಲ್ಲಾ ಕೂಡಿ ಒಂದಂಕಿಗೆ ತರೋ ಚಟ ನಮ್ಮಲ್ಲಿ ಬೇಜಾನ್ ಜನಕ್ಕಿದೆ. ಕೆಎ 18 ಅಂದ್ರೆ ಚಿಕ್ಕಮಗಳೂರು, ಒಂದು ಎಂಟು ಕೂಡಿದ್ರೆ 9, ಆಹಾ ಒಳ್ಳೇ ನಂಬರ್ರು ಅಂತ ಖುಷಿ ಪಡೋರೂ ಇದಾರೆ, ಅದಕ್ಕೆ ಅಂತಲೇ ದುಡ್ಡು ಕಟ್ಟಿ ಫ್ಯಾನ್ಸಿ ನಂಬರ್ ತಗೊಳ್ಳೋರೂ ಇದಾರೆ. ಅದೃಷ್ಟದ ಕಥೆ ನನಗೆ ಬೇಡ, ಅದನ್ನ ಅವರವರಿಗೇ ಬಿಡೋಣ. ಆದ್ರೆ ಆ ಅಂಕಿ ಕೂಡೋ ಚಟದ ಜೊತೆ ಹೈಸ್ಕೂಲಲ್ಲಿ ಕಲಿತ ಅಪವರ್ತನ, ಅದೇ ಫ್ಯಾಕ್ಟರ್, ಅದನ್ನ ಸೇರಿಸಿದ್ರೆ ಒಂದು ಮಜವಾದ ಶ್ರೇಣಿ ಹುಟ್ಟುತ್ತೆ. ಯಾವ ಸಂಖ್ಯೆಯಿಂದ ಹೊರಟರೂ, 1 ಒಂದನ್ನ ಬಿಟ್ಟು, ಕೊನೆಗೆ 15ಕ್ಕೆ ಬಂದು ನಿಂತ್ಕೊಳ್ಳುತ್ತೆ. ಅದನ್ನ ಕೈಯಲ್ಲಿ ಮಾಡೋದು ಹೇಗೆ, ಮಾಡಿದ್ದು ಸರಿ ಇದೆಯಾ ಅಂತ ತಾಳೆ ನೋಡೋದು ಹೇಗೆ, 15ಕ್ಕೇ ಯಾಕೆ ಬರುತ್ತೆ, ಇಷ್ಟು ಇಲ್ಲಿ ಬರೀತೀನಿ.

ಬೇಕಾಗಿರೋದು ಒಂದು ಚೌಕುಳಿ ನೋಟ್‌ಬುಕ್ಕು, ಪೆನ್ಸಿಲ್ಲು, ರಬ್ಬರ್ರು. ಫೋನ್ ಆಮೇಲೆ ತಗೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ನೆಟ್‌ವರ್ಕೂ ಹೋದಾಗ ಟ್ಯೂಷನ್ ಮಕ್ಕಳನ್ನ ಸುಮ್ಮನೆ ಕೂರಿಸೋಕೆ ನಾನು ಇದನ್ನೇ ಕೊಡೋದು, ಕ್ಯಾಂಡಲ್ ಬೆಳಕಲ್ಲೂ ಆಗುತ್ತೆ.

ನಿಯಮ ಇಷ್ಟೇ

ಒಂದು ಸಂಖ್ಯೆ ತಗೊಳ್ಳಿ. ಅದನ್ನ ಶೇಷ ಇಲ್ಲದೆ ಭಾಗಿಸೋ ಎಲ್ಲಾ ಸಂಖ್ಯೆ ಬರ್ಕೊಳ್ಳಿ, 1 ಮತ್ತೆ ಆ ಸಂಖ್ಯೆ ಎರಡೂ ಸೇರಿಸಿ. ಈಗ ಆ ಅಪವರ್ತನಗಳನ್ನ ಇಡಿಯಾಗಿ ಕೂಡಬೇಡಿ, ಅವುಗಳ ಅಂಕಿಗಳನ್ನ ಕೂಡಿ. ಬಂದ ಉತ್ತರನೇ ಮುಂದಿನ ಸಂಖ್ಯೆ. ಅದಕ್ಕೂ ಇದೇ ಕೆಲಸ.

12ರಿಂದ ಶುರು ಮಾಡೋಣ. ಅಪವರ್ತನಗಳು 1, 2, 3, 4, 6, 12. ಅಂಕಿ ಕೂಡಿದ್ರೆ 1+2+3+4+6 ಆಮೇಲೆ 12ಕ್ಕೆ 1+2, ಒಟ್ಟು 19. 19 ಅವಿಭಾಜ್ಯ, ಅದಕ್ಕೆ 1 ಮತ್ತೆ 19 ಬಿಟ್ಟು ಬೇರೆ ಯಾರೂ ಇಲ್ಲ, 1+1+9 ಅಂದ್ರೆ 11. 11ಕ್ಕೆ 1+1+1, ಅಂದ್ರೆ 3. 3ಕ್ಕೆ 1+3, 4. 4ಕ್ಕೆ 1+2+4, 7. 7ಕ್ಕೆ 8. 8ಕ್ಕೆ 1+2+4+8, 15. ಈಗ 15ಕ್ಕೆ ಮಾಡಿ: 1, 3, 5, 15. ಒಂದು ಮೂರು ಐದು ಕೂಡಿದ್ರೆ 9, 15ರ ಅಂಕಿ ಒಂದು ಐದು ಸೇರಿ 6, ಒಟ್ಟು ಮತ್ತೆ 15. ಮುಗೀತು, ಇನ್ನು ಮುಂದಕ್ಕೆ ಹೋಗಲ್ಲ.

ಇದನ್ನ ತೋರಿಸಿದಾಗ ಹುಡುಗರು ಮೊದಲು ಕೇಳೋದು "ಸಾರ್, ಅದೃಷ್ಟಕ್ಕೆ ಬಂದಿರಬೇಕು, ಬೇರೆ ಕೊಡಿ". ಕೊಡಿ ಅಂದವನಿಗೆ 10 ಕೊಡಿ. 10 → 9 → 13 → 5 → 6 → 12, ಆಮೇಲೆ ಮೇಲಿನ ದಾರಿನೇ. ಇಷ್ಟು ಚಿಕ್ಕ ನಂಬರು ಇಷ್ಟೊಂದು ಸುತ್ತು ಹೊಡೆಯುತ್ತೆ, ಅದೇ 14, 20, 26 ಮೂರೂ ಒಂದೇ ಹೆಜ್ಜೆಗೆ ನೇರ 15ಕ್ಕೆ. ದೊಡ್ಡದಕ್ಕೆ ಜಾಸ್ತಿ ಹೆಜ್ಜೆ ಚಿಕ್ಕದಕ್ಕೆ ಕಮ್ಮಿ ಅಂತ ಏನೂ ಇಲ್ಲ.

ನೂರರ ಪಟ್ಟಿ ಒಟ್ಟಿಗೇ ಮಾಡೋದು

ಒಂದೊಂದು ಸಂಖ್ಯೆಗೂ ಕೂತು ಅಪವರ್ತನ ಹುಡುಕ್ತಾ ಹೋದ್ರೆ ಬೇಜಾರಾಗುತ್ತೆ, ಒಂದೆರಡು ಬಿಟ್ಟೂ ಹೋಗುತ್ತೆ. ಉಲ್ಟಾ ಕಡೆಯಿಂದ ಬನ್ನಿ. ಚೌಕುಳಿ ಹಾಳೆಯಲ್ಲಿ ಹತ್ತಕ್ಕೆ ಹತ್ತು ಮನೆ ಹಾಕಿ 1ರಿಂದ 100ರವರೆಗೆ ಬರೀರಿ, ಒಂದೊಂದು ಮನೆನೂ ಸ್ವಲ್ಪ ದೊಡ್ಡದಾಗೇ ಇರಲಿ, ಒಳಗೆ ಎರಡು ಸಾಲು ಬರೀಬೇಕು. ಮೇಲಿನ ಸಾಲು ಅಪವರ್ತನಗಳ ಮೊತ್ತಕ್ಕೆ, ಗಣಿತದವರು ಇದಕ್ಕೆ ಸಿಗ್ಮಾ ಅಂತಾರೆ. ಕೆಳಗಿನ ಸಾಲು ನಮ್ಮ ಅಂಕಿ ಮೊತ್ತಕ್ಕೆ.

ಮೊದಲು 1 ತಗೊಂಡು ಎಲ್ಲಾ ಮನೆಗೂ ಮೇಲೊಂದು 1, ಕೆಳಗೊಂದು 1 ಹಾಕಿ. ಆಮೇಲೆ 2 ತಗೊಂಡು 2, 4, 6, 8 ಹೀಗೆ ಎರಡರ ಮಗ್ಗಿ ಮನೆಗಳಿಗೆಲ್ಲಾ ಮೇಲೆ 2 ಕೆಳಗೆ 2. ಹೀಗೇ 9ರ ಮಗ್ಗಿವರೆಗೂ ಮೇಲೆ ಕೆಳಗೆ ಒಂದೇ ಸಂಖ್ಯೆ. 10ರಿಂದ ಆಟ ಬದಲಾಗುತ್ತೆ: 10, 20, 30 ಮನೆಗಳಿಗೆ ಮೇಲೆ 10, ಕೆಳಗೆ ಬರೀ 1. 12ರ ಮಗ್ಗಿಗೆ ಮೇಲೆ 12, ಕೆಳಗೆ 3. 19ರ ಮಗ್ಗಿಗೆ ಮೇಲೆ 19, ಕೆಳಗೆ 10. 50 ದಾಟಿದ ಮೇಲೆ ಪ್ರತಿ ಸಂಖ್ಯೆನೂ ತನ್ನ ಮನೆಗೆ ಮಾತ್ರ ಬೀಳುತ್ತೆ, ಯಾಕಂದ್ರೆ ಅದರ ಎರಡರಷ್ಟು ನೂರರ ಒಳಗೆ ಇಲ್ಲ, ಆದ್ದರಿಂದ ಕೊನೆ ಅರ್ಧ ಬೇಗ ಮುಗಿಯುತ್ತೆ.

ಒಂದು ಮನೆ ಪೂರ್ತಿ ನೋಡೋಣ. 30ರ ಮನೆಯ ಕೆಳಸಾಲಲ್ಲಿ 1, 2, 3, 5, 6 ಬಿದ್ದಿರುತ್ತೆ, 10ರಿಂದ ಒಂದು 1, 15ರಿಂದ ಒಂದು 6, 30ರಿಂದ ಒಂದು 3. ಕೂಡಿದ್ರೆ 27. ಮೇಲಿನ ಸಾಲಲ್ಲಿ 1+2+3+5+6+10+15+30, 72. ಎರಡನ್ನೂ ಮನೆಯ ಮೂಲೇಲಿ ಸಣ್ಣಕ್ಕೆ ಬರೆದು ಸುತ್ತು ಹಾಕ್ಕೊಳ್ಳಿ.

ಮೂವತ್ತರವರೆಗೆ ಕೆಳಸಾಲಿನ ಉತ್ತರ ಹೀಗೆ ಬರಬೇಕು, 1ರಿಂದ ಶುರು: 1, 3, 4, 7, 6, 12, 8, 15, 13, 9, 3, 19, 5, 15, 15, 22, 9, 30, 11, 15, 14, 9, 6, 33, 13, 15, 22, 29, 12, 27. ನಿಮ್ಮದರಲ್ಲಿ ಯಾವುದಾದ್ರೂ ಬೇರೆ ಇದ್ರೆ ಮುಂದಕ್ಕೆ ಹೋಗಬೇಡಿ, ಅಲ್ಲೇ ನಿಂತು ಸರಿ ಮಾಡ್ಕೊಳ್ಳಿ.

ಪಟ್ಟಿ ಆದ ಮೇಲೆ ಬಾಣ ಹಾಕೋದು. ಇನ್ನೊಂದು ಖಾಲಿ ಹಾಳೆ ತಗೊಂಡು ನಡುವೆ 15 ಬರೆದು ಅದಕ್ಕೆ ನೇರ ಬರೋ 8, 14, 20, 26ನ್ನ ಸುತ್ತ ಬರೀರಿ, 8ಕ್ಕೆ 7, 7ಕ್ಕೆ 4, 4ಕ್ಕೆ 3, ಹಿಂಗೆ ಹಿಂದಕ್ಕೆ ಹೋಗ್ತಾ ಇರಿ. ಒಂದು ಉದ್ದನೆ ಸಾಲು ಎದ್ದು ಕಾಣುತ್ತೆ: 9 → 13 → 5 → 6 → 12 → 19 → 11 → 3 → 4 → 7 → 8 → 15. 10, 17, 22 ಮೂರೂ 9ಕ್ಕೆ ಬಂದು ಸೇರಿ ಇದೇ ದಾರಿ ಹಿಡೀತವೆ, 24 ಅನ್ನೋದು 33ಕ್ಕೆ ಹೋಗಿ 12ರಲ್ಲಿ ಬಂದು ಸೇರುತ್ತೆ, 28 ಅನ್ನೋದು 29 ಮುಖಾಂತರ ಅದೇ 12ಕ್ಕೆ. ಬಾಣದ ಚಿತ್ರ ಮಾಡದೆ ಬರೀ ಪಟ್ಟಿ ನೋಡಿದ್ರೆ ಇದು ಗೊತ್ತೇ ಆಗಲ್ಲ, ಅದಕ್ಕೇ ಈ ಹಂತ ಬಿಡಬೇಡಿ ಅಂತೀನಿ.

ತಾಳೆ ನೋಡೋದು, ಇದೇ ಮುಖ್ಯ

ಎರಡು ಸಾಲು ಯಾಕೆ ಬರೆಸಿದೆ ಅಂದ್ರೆ ಇದಕ್ಕೆ. ಯಾವ ಮನೆ ಬೇಕಾದ್ರೂ ತಗೊಳ್ಳಿ, ಮೇಲಿನ ಮೊತ್ತದಿಂದ ಕೆಳಗಿನ ಮೊತ್ತ ಕಳೀರಿ, ಬಂದಿದ್ದು 9ರ ಮಗ್ಗಿಯಲ್ಲಿ ಇರಲೇಬೇಕು. 30ಕ್ಕೆ 72 ಕಳೆ 27, 45. ಸರಿ. 12ಕ್ಕೆ 28 ಕಳೆ 19, 9. ಸರಿ. 18ಕ್ಕೆ 39 ಕಳೆ 30, 9. ಸರಿ. 9ರವರೆಗಿನ ಮನೆಗಳಿಗೆ ಎರಡೂ ಒಂದೇ, ವ್ಯತ್ಯಾಸ 0.

ಕಾರಣ ಕಷ್ಟದ್ದಲ್ಲ. 577 ಅನ್ನೋದು ಐದು ನೂರು, ಏಳು ಹತ್ತು, ಏಳು ಒಂದು. ಅಂಕಿ ಮಾತ್ರ ಕೂಡಿದಾಗ ಪ್ರತಿ ನೂರನ್ನ 1 ಅಂತ ಎಣಿಸ್ತೀವಿ, ಅಂದ್ರೆ 99 ಬಿಡ್ತೀವಿ, ಪ್ರತಿ ಹತ್ತನ್ನ 1 ಅಂತ ಎಣಿಸ್ತೀವಿ, ಅಲ್ಲಿ 9 ಬಿಡ್ತೀವಿ. ಬಿಟ್ಟಿದ್ದೆಲ್ಲಾ 9ರ ಮಗ್ಗಿದೇ. ಪ್ರತಿ ಅಪವರ್ತನಕ್ಕೂ ಇದು ನಿಜ ಆದ್ದರಿಂದ ಎಲ್ಲಾ ಸೇರಿಸಿದ ಮೊತ್ತಕ್ಕೂ ನಿಜ.

ನಮ್ಮ ಪರಿಚಯದ ಒಬ್ಬ ಎಸ್ಟೇಟ್ ರೈಟ್ರು, ಕಾಫಿ ಕೊಯ್ಲಲ್ಲಿ ಆಳಿನ ಲೆಕ್ಕ ಬರೆದು ಬರೆದು ಕೈ ಪಳಗಿರೋರು, ಇದನ್ನ ನೋಡಿ "ಇದೇನ್ ಸಾರ್ ಹೊಸದು, ನಮ್ಮ ಹಳೇ ರೈಟ್ರು ಪೇಜಿನ ಟೋಟಲ್ಲಿಗೆ ಒಂಬತ್ತು ಬಿಟ್ಟು ತಾಳೆ ನೋಡ್ತಿದ್ರಲ್ಲ" ಅಂದ್ರು. ಅದೇನೇ ಇದು. ಅವರೇ ಇನ್ನೊಂದು ಮಾತೂ ಹೇಳಿದ್ರು: ಈ ತಾಳೆ ಸರಿ ಬಂದ್ರೆ ಲೆಕ್ಕ ಸರಿ ಅಂತ ಗ್ಯಾರಂಟಿ ಇಲ್ಲ, ತಪ್ಪು ಬಂದ್ರೆ ಮಾತ್ರ ಲೆಕ್ಕ ತಪ್ಪು ಅಂತ ಗ್ಯಾರಂಟಿ. 27 ಬರೆಯೋ ಕಡೆ 72 ಬರೆದಿದ್ರೂ ತಾಳೆ ಸರಿ ಬರುತ್ತೆ, 9 ಅನ್ನೋ ಅಪವರ್ತನ ಪೂರ್ತಿ ಮರೆತಿದ್ರೂ ಸರಿ ಬರುತ್ತೆ. ಅದಕ್ಕೇ ಮೇಲಿನ ಸಾಲನ್ನ ಬೇರೆ ದಾರಿಯಿಂದ ತರೋದು ಒಳ್ಳೇದು, ಆ ದಾರಿ ಕೆಳಗೆ ಪಿನ್‌ಕೋಡ್ ಮಾಡುವಾಗ ಹೇಳ್ತೀನಿ.

ಇನ್ನೊಂದು ಸಣ್ಣ ತಾಳೆ ಇದೆ. 3ರಿಂದ ಭಾಗಿಸಿದಾಗ 2 ಉಳಿಯೋ ಸಂಖ್ಯೆಗಳು, ಅಂದ್ರೆ 5, 8, 11, 14, 17, 20 ಇವಕ್ಕೆಲ್ಲಾ ಉತ್ತರ 3ರ ಮಗ್ಗಿಯಲ್ಲೇ ಬರಬೇಕು. 20ನ್ನ ನೋಡಿ, ಅಪವರ್ತನ ಜೋಡಿ ಜೋಡಿಯಾಗಿ ಬರುತ್ತೆ, 1 ಮತ್ತೆ 20, 2 ಮತ್ತೆ 10, 4 ಮತ್ತೆ 5. ಗುಣಿಸಿದಾಗ ಶೇಷ 2 ಬರಬೇಕು ಅಂದ್ರೆ ಜೋಡೀಲಿ ಒಬ್ಬನ ಶೇಷ 1, ಇನ್ನೊಬ್ಬನದು 2 ಆಗ್ಲೇಬೇಕು, ಇಬ್ಬರನ್ನೂ ಕೂಡಿದ್ರೆ 3ರಿಂದ ಭಾಗ ಹೋಗುತ್ತೆ. ನನಗೆ ಈ ಪುಟ್ಟ ವಾದ ತುಂಬಾ ಇಷ್ಟ, ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಎರಡು ನಿಮಿಷಕ್ಕೆ ಹತ್ತುತ್ತೆ.

ದೊಡ್ಡ ಸಂಖ್ಯೆ: ಹಾಸನ, ಚಿಕ್ಕಮಗಳೂರಿನ ಪಿನ್‌ಕೋಡು

ನೂರರ ಪಟ್ಟಿ ಕೈಗೆ ಬಂದ ಮೇಲೆ ದೊಡ್ಡದಕ್ಕೆ ಹೆದರಬೇಕಿಲ್ಲ, ಯಾಕಂದ್ರೆ ಎಷ್ಟೇ ದೊಡ್ಡದಿದ್ರೂ ಸಾಮಾನ್ಯವಾಗಿ ಕೆಲವೇ ಹೆಜ್ಜೆಗೆ ಪಟ್ಟಿ ಒಳಗೇ ಬಂದು ಬೀಳುತ್ತೆ. ಕಷ್ಟ ಇರೋದೆಲ್ಲಾ ಮೊದಲನೇ ಹೆಜ್ಜೇಲಿ, ಅಪವರ್ತನ ಹುಡುಕೋದ್ರಲ್ಲಿ.

ಚಿಕ್ಕಮಗಳೂರು ಪಿನ್ 577101. ಅಂಕಿ ಮೊತ್ತ 21, ಹಾಗಾಗಿ 3ರಿಂದ ಭಾಗ ಹೋಗುತ್ತೆ, 9ರಿಂದ ಹೋಗಲ್ಲ. ಭಾಗಿಸಿದ್ರೆ 192367. ಇದಕ್ಕೆ 7 ಹೋಗುತ್ತೆ, 27481 ಉಳಿಯುತ್ತೆ. ಇನ್ನು 27481ಕ್ಕೆ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು, ಎಲ್ಲೀವರೆಗೆ ಅಂದ್ರೆ ವರ್ಗಮೂಲದವರೆಗೆ, ಅಂದ್ರೆ ಸುಮಾರು 165. ಯಾವುದೂ ಹೋಗಲ್ಲ, ಅದು ಅವಿಭಾಜ್ಯ. ಕ್ಯಾಲ್ಕುಲೇಟರ್ ಇಟ್ಕೊಂಡೇ ಮಾಡಿ, ಇದರಲ್ಲಿ ಶೂರತನ ತೋರಿಸೋದೇನಿಲ್ಲ.

ಅಂದ್ರೆ ನಮ್ಮ ಪಿನ್ 3, 7, 27481ರ ಗುಣಲಬ್ಧ. ಈ ಮೂರರಲ್ಲಿ ಒಂದೊಂದನ್ನ ತಗೊಂಡು ಬಿಟ್ಟು ಗುಣಿಸಿದ್ರೆ ಎಂಟು ಅಪವರ್ತನ ಬರುತ್ತೆ: 1, 3, 7, 21, 27481, 82443, 192367, 577101. ಅಂಕಿ ಮೊತ್ತ ಕ್ರಮವಾಗಿ 1, 3, 7, 3, 22, 21, 28, 21. ಒಟ್ಟು 106. ಈಗ ತಾಳೆ. ಅಪವರ್ತನಗಳ ಪೂರ್ತಿ ಮೊತ್ತ ಕೂಡೋ ಬದಲು, ಪ್ರತಿ ಅವಿಭಾಜ್ಯಕ್ಕೂ 1 ಸೇರಿಸಿ ಗುಣಿಸಿ: 4 × 8 × 27482 = 879424. ಅವಿಭಾಜ್ಯಗಳೆಲ್ಲಾ ಬೇರೆ ಬೇರೆ ಇದ್ದಾಗ ಈ ದಾರಿ ನಡೆಯುತ್ತೆ, ಒಂದೇ ಅವಿಭಾಜ್ಯ ಎರಡು ಸಲ ಬಂದಿದ್ರೆ, ಉದಾಹರಣೆಗೆ 3 ಎರಡು ಸಲ, ಅದಕ್ಕೆ 1+3+9 ಅಂದ್ರೆ 13 ಹಾಕಬೇಕು. 879424ರ ಅಂಕಿ ಕೂಡಿದ್ರೆ 34, ಮತ್ತೆ ಕೂಡಿದ್ರೆ 7. 106ರದ್ದೂ 7. ತಾಳೆ ಆಯ್ತು.

106ರ ಅಪವರ್ತನ 1, 2, 53, 106, ಅಂಕಿ ಮೊತ್ತ 18. ಅಲ್ಲಿಂದ 30, 27, 22, 9, ಆಮೇಲೆ ಗೊತ್ತಿರೋ ಉದ್ದ ದಾರಿ. ಎಲ್ಲಾ ಸೇರಿ 17 ಹೆಜ್ಜೆ.

ಹಾಸನದ್ದು 573201. ಅಂಕಿ ಮೊತ್ತ 18 ಆದ್ದರಿಂದ 9 ಹೋಗುತ್ತೆ, 63689 ಉಳಿಯುತ್ತೆ, ಅದೂ ಅವಿಭಾಜ್ಯ. ಆರೇ ಅಪವರ್ತನ: 1, 3, 9, 63689, 191067, 573201. ಮೊತ್ತ 1+3+9+32+24+18, 87. ತಾಳೆಗೆ 13 × 63690 = 827970, ಅಂಕಿ ಮೊತ್ತ 33, ಅಂದ್ರೆ 6; 87ರದ್ದು 15, ಅಂದ್ರೆ 6. ಸರಿ. 87 → 30, ಅಲ್ಲಿಂದ ಮೇಲಿನ ಥರಾನೇ. ಒಟ್ಟು 16 ಹೆಜ್ಜೆ. ಎರಡು ಜಿಲ್ಲೆನೂ 30ರಲ್ಲಿ ಒಂದಾಗ್ತವೆ, ಹೆಜ್ಜೆ ಲೆಕ್ಕದಲ್ಲಿ ನಾವು ಚಿಕ್ಕಮಗಳೂರಿನೋರು ಒಂದು ಮುಂದೆ, ಹಾಸನದೋರು ಬೇಜಾರ್ ಮಾಡ್ಕೋಬೇಡಿ.

ಬೇಲೂರು ಚೆನ್ನಕೇಶವ ದೇವಸ್ಥಾನದ ಇಸವಿ 1117 ತಗೊಂಡ್ರೆ ಬೇಗ ಮುಗಿಯುತ್ತೆ. 1117 ಅವಿಭಾಜ್ಯ, 33ರವರೆಗೆ ನೋಡಿದ್ರೆ ಸಾಕು. ಅವಿಭಾಜ್ಯಕ್ಕೆ ಯಾವಾಗಲೂ ಅಂಕಿ ಮೊತ್ತಕ್ಕೆ 1 ಸೇರಿಸಿದ್ರೆ ಆಯ್ತು, ಇಲ್ಲಿ 10ಕ್ಕೆ 1, 11. ಆಮೇಲೆ 3, 4, 7, 8, 15. ಗಾಡಿ ನಂಬರಿನವರಿಗೆ: ಹಾಸನದ 13 → 5, ಚಿಕ್ಕಮಗಳೂರಿನ 18 → 30, ಸಕಲೇಶಪುರದ 46 → 18. ಉಳಿದಿದ್ದು ನೀವೇ ಮಾಡ್ಕೊಳ್ಳಿ.

15ಕ್ಕೇ ಯಾಕೆ

"ಲಕ್ಷ ಕೋಟಿ ಕೊಟ್ರೂ ಬರುತ್ತಾ ಸಾರ್" ಅಂತ ಕೇಳೇ ಕೇಳ್ತಾರೆ. ಬರುತ್ತೆ, ಅದನ್ನ ತೋರಿಸೋಕೆ ಎರಡು ಭಾಗ.

ಒಂದನೇದು, ದೊಡ್ಡ ಸಂಖ್ಯೆ ಯಾವಾಗಲೂ ಕೆಳಗೇ ಇಳಿಯುತ್ತೆ. ಅಪವರ್ತನ ಜೋಡಿಯಾಗಿ ಬರ್ತವೆ, ಜೋಡೀಲಿ ಚಿಕ್ಕವನು ವರ್ಗಮೂಲಕ್ಕಿಂತ ದೊಡ್ಡವನಾಗಿರೋಕೆ ಸಾಧ್ಯ ಇಲ್ಲ. ಹಾಗಾಗಿ 10000ಕ್ಕೆ ಹೆಚ್ಚಂದ್ರೆ 100 ಜೋಡಿ, 200 ಅಪವರ್ತನ (ನಿಜವಾಗಿ ಇರೋದು ಬರೀ 25, ಆದ್ರೆ ನಾವು ಧಾರಾಳವಾಗಿ ಲೆಕ್ಕ ಹಾಕೋಣ). ಐದಂಕಿ ಸಂಖ್ಯೆಯ ಅಂಕಿ ಮೊತ್ತ ಹೆಚ್ಚಂದ್ರೆ 45. 200 × 45 = 9000. 10000ಕ್ಕಿಂತ ಕಮ್ಮಿ ಆಯ್ತಲ್ಲ. 99999ಕ್ಕೆ ಇದೇ ಲೆಕ್ಕ ಹಾಕಿದ್ರೆ 28500 ಸುತ್ತಮುತ್ತ, ಅದಂತೂ ತುಂಬಾ ಕಮ್ಮಿ. ಇನ್ನೂ ಮೇಲೆ ಹೋದಷ್ಟೂ ಅಂತರ ಜಾಸ್ತಿನೇ ಆಗುತ್ತೆ, ಯಾಕಂದ್ರೆ ವರ್ಗಮೂಲ ನಿಧಾನ ಬೆಳೆಯುತ್ತೆ, ಅಂಕಿಗಳ ಸಂಖ್ಯೆ ಅದಕ್ಕಿಂತ ನಿಧಾನ. ಸೋ 10000 ಅಥವಾ ಅದಕ್ಕಿಂತ ಮೇಲಿರೋ ಯಾವ ಸಂಖ್ಯೆಗೂ ಮುಂದಿನ ಹೆಜ್ಜೆ ಇಳಿಜಾರೇ, ಇಳೀತಾ ಇಳೀತಾ 10000ದ ಒಳಗೆ ಬಂದೇ ಬರುತ್ತೆ.

ಎರಡನೇದು, 2ರಿಂದ 9999ರವರೆಗೆ ಒಂದೊಂದನ್ನೂ ಪರೀಕ್ಷೆ ಮಾಡೋದು. ಅಷ್ಟು ದೊಡ್ಡದಾಗಿ ಕಂಡ್ರೂ ಅಷ್ಟಿಲ್ಲ: 10000ದ ಒಳಗೆ ಯಾವ ಸಂಖ್ಯೆಗೂ 64ಕ್ಕಿಂತ ಜಾಸ್ತಿ ಅಪವರ್ತನ ಇಲ್ಲ, ನಾಲ್ಕಂಕಿಯ ಅಂಕಿ ಮೊತ್ತ 36 ದಾಟಲ್ಲ, ಹಾಗಾಗಿ ಒಂದೇ ಹೆಜ್ಜೆಗೆ 2304ರ ಒಳಗೆ ಬಂತು. ಅಲ್ಲಿಂದ ಕಂಪ್ಯೂಟರಿಗೆ ಕೊಟ್ರೆ ಕಣ್ಣು ಮಿಟುಕಿಸೋ ಒಳಗೆ ಎಲ್ಲಾ 15 ಅಂತ ಬರುತ್ತೆ. ಅಂದ್ರೆ ಇದಕ್ಕೆ ಯಾವುದೋ ಒಂದು ಸುಂದರವಾದ ರಹಸ್ಯ ಕಾರಣ ಅಂತ ಏನಿಲ್ಲ, ಇಳಿಜಾರಿದೆ, ಕೆಳಗೆ ನೋಡಿದ್ರೆ ಒಂದೇ ಗುಂಡಿ ಇದೆ, ಅಷ್ಟೇ. ಕೆಲವರಿಗೆ ಇದು ಸಪ್ಪೆ ಅನ್ಸುತ್ತೆ, ನನಗೆ ಹಂಗನ್ಸಲ್ಲ.

ಶೀಟಲ್ಲಿ ಮಾಡೋರಿಗೆ

ಫೋನಲ್ಲೋ ಲ್ಯಾಪ್‌ಟಾಪಲ್ಲೋ ಸ್ಪ್ರೆಡ್‌ಶೀಟ್ ತೆರೆದು ಎಡಗಡೆ ಕಾಲಮ್ಮಲ್ಲಿ 1ರಿಂದ 100, ಮೇಲಿನ ಸಾಲಲ್ಲೂ 1ರಿಂದ 100. ಮಧ್ಯದ ಮನೆಗಳಲ್ಲಿ ಇಫ್ (IF) ಮತ್ತೆ ಮಾಡ್ (MOD) ಫಂಕ್ಷನ್ ಹಾಕಿ: ಎಡಗಡೆ ಸಂಖ್ಯೆಯನ್ನ ಮೇಲಿನ ಸಂಖ್ಯೆಯಿಂದ ಭಾಗಿಸಿದ ಶೇಷ 0 ಇದ್ರೆ ಮೇಲಿನ ಸಂಖ್ಯೆಯ ಅಂಕಿ ಮೊತ್ತ ಬರಲಿ, ಇಲ್ಲಾಂದ್ರೆ 0. ಸಾಲಿನ ಕೊನೇಲಿ ಸಮ್. ಅಂಕಿ ಮೊತ್ತಕ್ಕೆ ಶೀಟಲ್ಲಿ ರೆಡಿ ಫಂಕ್ಷನ್ ಹುಡುಕ್ತಾ ಕೂರಬೇಡಿ, ಈ ಸೂತ್ರ ಸಾಕು: ಸಂಖ್ಯೆಯನ್ನ 10ರಿಂದ ಭಾಗಿಸಿ ದಶಾಂಶ ಬಿಟ್ಟಿದ್ದು, 100ರಿಂದ ಭಾಗಿಸಿ ದಶಾಂಶ ಬಿಟ್ಟಿದ್ದು, ಎರಡನ್ನೂ ಕೂಡಿ 9ರಿಂದ ಗುಣಿಸಿ ಮೂಲ ಸಂಖ್ಯೆಯಿಂದ ಕಳೀರಿ. 577ಕ್ಕೆ 57+5 = 62, 9ರಿಂದ ಗುಣಿಸಿದ್ರೆ 558, 577ರಿಂದ ಕಳೆದ್ರೆ 19. ಐದು ಏಳು ಏಳು ಕೂಡಿದ್ರೂ 19. ಪೈಥಾನ್ ಬರೋರಿಗೆ ಹೇಳೋದೇ ಬೇಡ, ಎರಡು ಲೂಪಿನ ಕೆಲಸ.

ಅಂಕಿ ಕೂಡ್ತಾ ಮೇಲಕ್ಕೆ ಹೋಗೋ ಇನ್ನೊಂದು ಶ್ರೇಣಿ

ಇಳಿಯೋದು ನೋಡಿದ್ವಿ, ಹತ್ತೋದು ನೋಡ್ಬೇಕಂದ್ರೆ ಕಾಪ್ರೇಕರ್ ಅವರ ಹತ್ರ ಹೋಗಬೇಕು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986), ನಾಶಿಕ್ ಹತ್ತಿರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವರು, 6174 ಅನ್ನೋ ಕಾಪ್ರೇಕರ್ ಸ್ಥಿರಾಂಕದಿಂದ ಹೆಸರಾದವರು. 1975ರಲ್ಲಿ ಅಮೆರಿಕದ ಗಣಿತ ಲೇಖಕ ಮಾರ್ಟಿನ್ ಗಾರ್ಡ್‌ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರದೇಶದಲ್ಲೂ ಜನಕ್ಕೆ ಗೊತ್ತಾಯ್ತು. ಅವರ ಆಟದಲ್ಲಿ ಅಪವರ್ತನ ಇಲ್ಲ: ಸಂಖ್ಯೆಗೆ ಅದರದ್ದೇ ಅಂಕಿ ಮೊತ್ತ ಸೇರಿಸ್ತಾ ಹೋಗೋದು. 1, 2, 4, 8, 16, 23, 28, 38, 49, 62, 70, 77, 91, 101, 103, 107. ಅದೇ 7ರಿಂದ ಹೊರಟರೆ 14, 19, 29, 40, 44, 52, 59, 73, 83, 94, ಆಮೇಲೆ 107. ಯಗಚಿ ಬೇಲೂರು ಕಡೆಯಿಂದ ಹರಿದು ಗೊರೂರು ಹತ್ರ ಹೇಮಾವತಿಗೆ ಸೇರೋ ಹಾಗೆ ಈ ಸಾಲು 107ರಲ್ಲಿ ಆ ಸಾಲಿಗೆ ಸೇರಿಹೋಯ್ತು, ಮುಂದೆ ಎರಡೂ ಒಂದೇ. 3ರಿಂದ ಹೊರಟಿದ್ದು ಮಾತ್ರ ಇವಕ್ಕೆ ಯಾವತ್ತೂ ಸೇರಲ್ಲ, ಅದು 3ರ ಮಗ್ಗಿ ಬಿಟ್ಟು ಹೊರಗೆ ಬರಲ್ಲ, 9ರಿಂದ ಹೊರಟಿದ್ದು 9ರ ಮಗ್ಗಿ ಬಿಟ್ಟು ಬರಲ್ಲ.

ಇದರಲ್ಲಿ ಯಾವ ಸಂಖ್ಯೆಯಿಂದಲೂ ಹುಟ್ಟದೇ ಇರೋವು ಇದಾವೆ, ತಾಯಿ ಇಲ್ಲದ ಸ್ವಯಂಭು ಸಂಖ್ಯೆಗಳು: 1, 3, 5, 7, 9, 20, 31, 42, 53, 64, 75, 86, 97, ನೂರರ ಒಳಗೆ ಇಷ್ಟೇ. ನಾಲ್ಕಂಕಿ ಸಂಖ್ಯೆ ಸ್ವಯಂಭುವಾ ಅಂತ ನೋಡೋಕೆ ಹಿಂದಿನ 36 ಸಂಖ್ಯೆನೂ ಪರೀಕ್ಷೆ ಮಾಡಬೇಕಾಗಿಲ್ಲ, ನಾಲ್ಕು ಸಾಕು. ಮೊದಲು ಅಂಕಿ ಕೂಡಿ ಕೂಡಿ ಒಂದಂಕಿಗೆ ತನ್ನಿ. ಬೆಸ ಬಂದ್ರೆ 9 ಸೇರಿಸಿ. ಅರ್ಧ ಮಾಡಿ. ತಾಯಿ ಇದ್ರೆ ಅವಳ ಒಂದಂಕಿ ಇದೇ ಆಗಿರಬೇಕು. 1117ಕ್ಕೆ ಒಂದಂಕಿ 1, 9 ಸೇರಿಸಿ 10, ಅರ್ಧ 5. ಹಿಂದಕ್ಕೆ ಹೋದ್ರೆ 5 ಬರೋ ಮೊದಲನೇದು 1112, ಅದಕ್ಕೆ ಅಂಕಿ ಮೊತ್ತ 5 ಸೇರಿಸಿದ್ರೆ 1117. ಸಿಕ್ಕಳು ತಾಯಿ.

ಈಗ ಮುಳ್ಳಯ್ಯನಗಿರಿ. ಸಾಮಾನ್ಯವಾಗಿ ಬರೆಯೋ ಎತ್ತರ 1930 ಮೀಟರು. ಒಂದಂಕಿ 4, ಅರ್ಧ 2. ಹಿಂದೆ 2 ಬರೋವು 1928, 1919, 1910, 1901. ಅಂಕಿ ಸೇರಿಸಿದ್ರೆ ಕ್ರಮವಾಗಿ 1948, 1939, 1921, 1912. ಯಾವುದೂ 1930 ಅಲ್ಲ. ಅಂದ್ರೆ 1930 ಸ್ವಯಂಭು! ಗಿರಿ ಮೇಲೆ ಮುಳ್ಳಪ್ಪ ಸ್ವಾಮಿ ಗದ್ದುಗೆ ಹತ್ರ ನಿಂತು ಇದನ್ನ ಹೇಳಿದ್ರೆ ಜೊತೆಗೆ ಬಂದೋರು ನಿಮ್ಮನ್ನ ಒಂಥರಾ ನೋಡ್ತಾರೆ, ಆದ್ರೂ ಹೇಳಿ. ಇದೇ 1930ನ್ನ ನಮ್ಮ ಅಪವರ್ತನದ ಆಟಕ್ಕೆ ಹಾಕಿದ್ರೆ 72, 69, 24, 33, 12 ಅಂತ ಇಳಿದು 15ಕ್ಕೆ ಬರುತ್ತೆ.

ಸ್ವಲ್ಪ ಬದಲಾಯಿಸಿದ್ರೆ

ಪ್ರತಿ ಹೆಜ್ಜೇಲೂ ಉತ್ತರವನ್ನ ಒಂದಂಕಿ ಬರೋವರೆಗೂ ಕೂಡಿದ್ರೆ ಆಟವೇ ಬೇರೆ. ಆಗ 15 ಅನ್ನೋದು 6 ಆಗುತ್ತೆ, 6ರಿಂದ 12, ಅಂದ್ರೆ 3, ಆಮೇಲೆ 4, 7, 8, ಮತ್ತೆ 6. ನಿಲ್ಲೋದೇ ಇಲ್ಲ, 3, 4, 7, 8, 6 ಅಂತ ಐದರ ಸುತ್ತು. ಆದ್ರೆ ಎಲ್ಲರೂ ಈ ಸುತ್ತಿಗೆ ಬರಲ್ಲ. 12ರ ಅಪವರ್ತನ ಮೊತ್ತ 28, ಕೂಡಿದ್ರೆ 10, ಮತ್ತೆ ಕೂಡಿದ್ರೆ 1, ಅಲ್ಲೇ ಅಂಟ್ಕೊಂಡ್ತು. 64ರವರೆಗೆ ನೋಡಿದ್ರೆ 1ನ್ನ ಬಿಟ್ಟು ಹೀಗೆ 1ಕ್ಕೆ ಬೀಳೋವು 12, 36, 64 ಮೂರೇ. ನೂರರ ಪಟ್ಟಿ ಇದ್ದೋರು ಮುಂದಿನದನ್ನ ಹುಡುಕಿ.

ಅಂಕಿ ಕೂಡೋದನ್ನೇ ಬಿಟ್ಟು, ತನ್ನನ್ನ ಬಿಟ್ಟು ಉಳಿದ ಅಪವರ್ತನ ಕೂಡ್ತಾ ಹೋಗೋ ಹಳೇ ಶ್ರೇಣಿ ಇದೆ. 12 → 16 → 15 → 9 → 4 → 3 → 1, ಚೆನ್ನಾಗೇ ಇಳಿಯುತ್ತೆ. ಆದ್ರೆ ಹುಡುಗರಿಗೆ 276 ಮಾತ್ರ ಕೊಡಬೇಡಿ. 276, 396, 696, 1104, 1872 ಅಂತ ಹತ್ತುತ್ತಾ ಹೋಗುತ್ತೆ, ಕಂಪ್ಯೂಟರ್ ಹಚ್ಚಿದವರಿಗೂ ಅದು ಕೊನೆಗೆ ಎಲ್ಲಿ ನಿಲ್ಲುತ್ತೆ, ನಿಲ್ಲುತ್ತಾ ಇಲ್ವಾ ಅಂತ ಇವತ್ತಿಗೂ ಗೊತ್ತಾಗಿಲ್ಲ. 552, 564, 660, 966 ಇವೂ ಅದೇ ಜಾತಿ. ಮೇಲೆ ಹೇಳಿದ ಇಳಿಜಾರಿನ ವಾದ ಇಲ್ಲಿ ನಡೆಯಲ್ಲ, ಅಂಕಿ ಕೂಡಿದಾಗ ಸಂಖ್ಯೆ ಕುಗ್ಗುತ್ತೆ, ಇಡಿಯಾಗಿ ಕೂಡಿದಾಗ ಹಿಗ್ಗಬಹುದು. ಎರಡು ಆಟಕ್ಕೂ ಇರೋ ವ್ಯತ್ಯಾಸ ಅದೊಂದೇ, ಒಂದು ಸಂಜೆ ಕೆಲಸ, ಇನ್ನೊಂದು ಯಾರಿಗೂ ಬಗೆಹರಿದಿಲ್ಲ.

ನೀವೇ ಒಂದು ನಿಯಮ ಮಾಡಿದ್ರೆ ಅದು ಹೊಸದಾ ಅಂತ ನೋಡೋಕೆ ಗಣಿತಜ್ಞ ನೀಲ್ ಸ್ಲೋನ್ 1964ರಿಂದ ಕೂಡಿಡೋಕೆ ಶುರು ಮಾಡಿದ ಶ್ರೇಣಿಗಳ ವಿಶ್ವಕೋಶ, ಓಇಐಎಸ್ ಇದೆ, ಈಗ ಆನ್‌ಲೈನಲ್ಲಿ ಫ್ರೀ. ನಮ್ಮ ಅಪವರ್ತನ ಅಂಕಿ ಮೊತ್ತದ ಶ್ರೇಣಿ ಅಲ್ಲಿ ಎ034690, ಸ್ವಯಂಭು ಸಂಖ್ಯೆಗಳು ಎ003052. ಹುಡುಕುವಾಗ ಒಂದು ಎಚ್ಚರ: ಮೊದಲ ಒಂಬತ್ತು ಪದ ಮಾತ್ರ ಹಾಕಿದ್ರೆ, 1, 3, 4, 7, 6, 12, 8, 15, 13, ಮಾಮೂಲಿ ಸಿಗ್ಮಾ ಶ್ರೇಣಿನೇ ಮೇಲೆ ಬಂದು ನಿಲ್ಲುತ್ತೆ, ಯಾಕಂದ್ರೆ ಅಲ್ಲೀವರೆಗೆ ಎರಡೂ ಒಂದೇ. ಹತ್ತನೇ ಪದ ಅದರಲ್ಲಿ 18, ನಮ್ಮದರಲ್ಲಿ 9. ಹದಿನೈದು ಪದನಾದ್ರೂ ಟೈಪ್ ಮಾಡಿ, ಮಧ್ಯೆ ಕಾಮಾ ಹಾಕಿ.